ಬಾಗದ ಕುತ್ತಿಗೆ

ಅರವತ್ತೆರಡು ಸಲ ಬಾಗಿದ್ದೇ ತಪ್ಪಾಯಿತು. ಐವತ್ತಕ್ಕೆ ನಿಲ್ಲಿಸಿದ್ದರೆ ಸಾಕಿತ್ತು ಎಂದು ಸುಮಿಯೆಗೆ ಆಮೇಲೆ ಅನಿಸಿತು. ಆದರೆ ಮಗಳು ಚಿಗುಸಾ ಫೋನಿನಲ್ಲಿ ಹೇಳಿದ ಮಾತು ಕಿವಿಯಲ್ಲೇ ಮನೆ ಮಾಡಿಕೊಂಡಿತ್ತು.

"ಅಮ್ಮಾ, ಕೋಹೆಯಿ ಅವ್ರಮ್ಮ ನಲವತ್ತು ವರ್ಷ ಚಹಾದ ಶಾಸ್ತ್ರ ಕಲಿಸಿದವರು. ಬಾಗೋದು ನೋಡೇ ಮನುಷ್ಯರನ್ನ ತೂಗ್ತಾರೆ. ನೀನೇನೂ ಹೆಚ್ಚು ಮಾಡೋಕೆ ಹೋಗ್ಬೇಡ. ಚೆನ್ನಾಗಿ ಬಾಗು, ನಗ್ತಾ ಕೂತ್ಕೋ, ಸಾಕು. ಮತ್ತೆ... ನಿನಗೊಂದು ವಿಷಯ ಹೇಳ್ಬೇಕು. ನಾಳೆ ಎದುರಿಗೇ ಹೇಳ್ತೀನಿ."

ಹಾಗಾಗಿ ಭಾವೀ ಅಳಿಯನ ತಾಯಿಯ ಭೇಟಿಯ ಹಿಂದಿನ ಸಂಜೆ ಸುಮಿಯೆ ತನ್ನ ಹೊಲಿಗೆ ಅಂಗಡಿಯ ನಿಲುವುಗನ್ನಡಿಯ ಮುಂದೆ ಮಂಡಿಯೂರಿ ಕೂತು ಬಾಗಿದ್ದೇ ಬಾಗಿದ್ದು. ಕೈಬೆರಳು ಹೀಗೆ, ಬೆನ್ನು ಹೀಗೆ, ಹಣೆ ನೆಲಕ್ಕೆ ಇಷ್ಟು ಹತ್ತಿರ. ಬಾಗಿ ಏಳುವಾಗಲೆಲ್ಲ ಒಂದು ವಾಕ್ಯವನ್ನೂ ಉರು ಹೊಡೆಯುತ್ತಿದ್ದಳು. ಈ ವಾಕ್ಯದ ವಿಷಯ ಮಗಳಿಗೂ ಗೊತ್ತಿರಲಿಲ್ಲ.

"ನಮ್ಮ ಮೇಲಿನ ಎರಡು ಕೋಣೆ ಖಾಲಿ ಇವೆ. ಹೊಸ ಚಾಪೆ ಹಾಸಿದ್ದೇನೆ. ಮಕ್ಕಳು ಬಂದು ಇದ್ದರೆ ನನಗೆ ಸಂತೋಷ."

ಸುಮಿಯೆಗೆ ಬೇಕಾಗಿದ್ದದ್ದು ಇಷ್ಟೇ. ಅತ್ತೆ ಮಾವ ಇದ್ದು ಹೋದ ಕೋಣೆಗಳು. ಮೂರು ತಿಂಗಳಿಂದ ಕೂಡಿಟ್ಟು ತತಾಮಿ ಚಾಪೆ ಬದಲಾಯಿಸಿದ್ದಳು. ಹುಲ್ಲಿನ ಹಸಿ ವಾಸನೆ ಮೆಟ್ಟಿಲಿಳಿದು ಅಂಗಡಿಯವರೆಗೂ ಬರುತ್ತಿತ್ತು. ಮಗಳು ಮೇಲೆ ಓಡಾಡುವ ಸದ್ದು, ಕೆಳಗೆ ತನ್ನ ಹೊಲಿಗೆ ಯಂತ್ರದ ಸದ್ದು. ಗಂಡ ತೀರಿಕೊಂಡು ಇಪ್ಪತ್ತೆರಡು ವರ್ಷ. ಸುಮಿಯೆ ಬೇರೆ ಯಾರ ಹತ್ತಿರ ಏನು ಕೇಳಿದ್ದಳು?

ಬೆಳಿಗ್ಗೆ ಎದ್ದಾಗ ಕುತ್ತಿಗೆ ಎಡಕ್ಕೆ ತಿರುಗಿ ನಿಂತಿತ್ತು. ಗದ್ದ ಮೇಲಕ್ಕೆ. ಕೆಳಗಿಳಿಸಲು ಹೋದರೆ ಬಲ ಹೆಗಲಿನೊಳಗೆ ಯಾರೋ ಕತ್ತರಿ ಆಡಿಸಿದ ಹಾಗೆ. ಕನ್ನಡಿಯಲ್ಲಿ ನೋಡಿಕೊಂಡಳು. ಪಕ್ಕದ ಮನೆಯ ಮೀನು ಕೊಳೆತಿದೆ ಎಂದು ಮೂಗೆತ್ತಿ ನಿಂತ ಜಮೀನ್ದಾರರ ಹೆಂಡತಿಯ ಹಾಗಿದ್ದಳು.

ಮಧ್ಯಾಹ್ನ ಒಂದಕ್ಕೆ ಬೀಗರ ಭೇಟಿ. ಈಗ ಎಂಟು.

ಕಸದ ಚೀಲ ಇಡಲು ಬಾಗಿಲು ತೆರೆದದ್ದೇ ತಡ, ಎದುರಿನ ಅಕ್ಕಿ ಬಿಸ್ಕತ್ತಿನ ಅಂಗಡಿಯ ನೋಬುಯೊ ಪೊರಕೆ ಹಿಡಿದು ನಿಂತಿದ್ದಳು. ಸೊಂಟದಿಂದ ಬಾಗಿ, "ಶುಭದಿನ ಬಂತು ಅಲ್ವಾ ಸುಮಿಯೆ ಅವ್ರೇ!" ಎಂದಳು.

ಸುಮಿಯೆ ಬಾಗಲಿಲ್ಲ. ಬಾಗಲಾಗಲಿಲ್ಲ. ಗದ್ದವೆತ್ತಿ, ನೋಬುಯೊಳ ಮಾಡಿನ ಕಡೆ ನೋಡುತ್ತ, "ಹೌದು" ಎಂದಳು.

ನೋಬುಯೊ ಮಾಡಿನ ಕಡೆ ತಿರುಗಿ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ಇನ್ನೂ ಬೀಗರ ಮನೆ ಚಹಾನೇ ಕುಡಿದಿಲ್ಲ, ಆಗ್ಲೇ ತಲೆ ಬಾಗಲ್ವಾ? ಇಪ್ಪತ್ತೈದು ವರ್ಷ ಎದುರುಬದುರು ಇದ್ದೀವಿ. ನಿನ್ನ ಮಗಳ ಮೊದಲ ಹಲ್ಲು ಬಿದ್ದದ್ದು ನನ್ನ ಬಿಸ್ಕತ್ತು ಕಡಿದು!"

"ಅಯ್ಯೋ ನೋಬುಯೊ, ಹಂಗಲ್ಲ ಕಣೇ. ಕುತ್ತಿಗೆ ಹಿಡ್ಕೊಂಡಿದೆ. ಅಲ್ಲಾಡ್ತಿಲ್ಲ."

ನೋಬುಯೊಳ ಕೋಪ ಹೋಗಿ ಆ ಜಾಗಕ್ಕೆ ಅದಕ್ಕಿಂತ ಅಪಾಯದ್ದೊಂದು ಬಂದು ಕೂತಿತು: ಸಹಾಯ. "ಬಾ ಒಳಗೆ" ಎಂದು ಸುಮಿಯೆಯ ಮೊಣಕೈ ಹಿಡಿದಳು. ಹೆಗಲಿಗೆ, ಬೆನ್ನಿಗೆ, ಕಿವಿಯ ಹಿಂದೆ ಒಟ್ಟು ಏಳು ನೋವಿನ ಪಟ್ಟಿ ಅಂಟಿಸಿದಳು. ಪುದೀನ ಮತ್ತು ಕರ್ಪೂರದ ಘಾಟಿಗೆ ನೋಬುಯೊಳ ಬೆಕ್ಕು ಅಲಮಾರಿಯ ಮೇಲೆ ಹತ್ತಿತು. ಸುಮಿಯೆಯ ಕಣ್ಣಲ್ಲಿ ನೀರು ಬಂತು. ಕುತ್ತಿಗೆ ಮಾತ್ರ ಇದ್ದಲ್ಲೇ ಇತ್ತು.

"ಪಟ್ಟಿಗೆ ಬಗ್ಗೋ ಗಂಟಲ್ಲ ಇದು. ಗೆನ್‌ನ ಕರೀತೀನಿ ತಾಳು."

"ಮೀನಿನ ಗೆನ್ನಾ? ಬೇಡ್ವೇ!"

ಆದರೆ ಪೇಟೆಬೀದಿಯಲ್ಲಿ ಒಬ್ಬರ ನೋವು ಒಬ್ಬರದಾಗಿಯೇ ಉಳಿಯುವ ಪದ್ಧತಿಯಿಲ್ಲ. ಗೆನ್ ರಬ್ಬರ್ ಬೂಟಿನಲ್ಲೇ ಬಂದ. ಮೂವತ್ತು ವರ್ಷ ಟ್ಯೂನಾ ಮೀನು ಕಡಿದ ಹೆಬ್ಬೆರಳು ಅವನದು. ಅದನ್ನು ಸುಮಿಯೆಯ ಹೆಗಲಿಗೆ ಊರಿ, "ಆಹಾ, ಸಿಕ್ತು!" ಎಂದ. "ಗಂಟು ಅಂದ್ರೆ ಏನಕ್ಕಾ? ಕಲ್ಲು. ಕಲ್ಲನ್ನ ಏನ್ ಮಾಡ್ತಾರೆ? ಒಡೀತಾರೆ."

"ಗೆನ್, ಸ್ವಲ್ಪ ಮೆಲ್ಲ..."

"ನೋವಾದ್ರೆ ಕೆಲ್ಸ ಆಗ್ತಿದೆ ಅಂತ ಅರ್ಥ."

ಸುಮಿಯೆ ಕಿರುಚಿದ ಸದ್ದಿಗೆ ತರಕಾರಿ ಅಂಗಡಿಯವರು ಈಚೆ ಬಂದರು. ಗೆನ್ ಕೈ ತೆಗೆದಾಗ ಕುತ್ತಿಗೆ ಇನ್ನೂ ಎಡಕ್ಕೇ ಇತ್ತು. ಅದರ ಜೊತೆಗೆ ಬಲ ಹೆಗಲು ಕಿವಿಯ ಹತ್ತಿರಕ್ಕೆ ಏರಿ, ಅಲ್ಲೇ ಏನೋ ಗುಟ್ಟು ಕೇಳಿಸಿಕೊಳ್ಳುವ ಹಾಗೆ ನಿಂತುಬಿಟ್ಟಿತ್ತು. ಈಗ ಪುದೀನದ ಮೇಲೆ ಬಂಗುಡೆಯ ವಾಸನೆಯೂ ಸೇರಿತು. ಬೆಕ್ಕು ಕೆಳಗಿಳಿದು ಹತ್ತಿರ ಬಂತು.

"ಕಲ್ಲು ಗಟ್ಟಿ ಇದೆ" ಎಂದು ಗೆನ್ ಒಪ್ಪಿಕೊಂಡ. "ಕ್ಷೌರದ ಇನೊಕುಚಿ ಹತ್ರ ಹೋಗಿ. ಅವನ ಹತ್ರ ಯಂತ್ರ ಇದೆ."

ಗಂಟೆ ಹತ್ತಾಯಿತು. ಅಡ್ಡಗಾಲು ಹಾಕುತ್ತ ಏಡಿಯ ಹಾಗೆ ಸುಮಿಯೆ ಬೀದಿಯುದ್ದಕ್ಕೂ ನಡೆದಳು, ಹಿಂದೆಯೇ ನೋಬುಯೊ. ಎಡಕ್ಕೆ ಮುಖ ಮಾಡಿಕೊಂಡು ನೆಟ್ಟಗೆ ನಡೆಯುವುದು ಅಷ್ಟು ಸುಲಭವಲ್ಲ. ಎಡಗಡೆಯ ಅಂಗಡಿಯವರೆಲ್ಲ ತಮ್ಮನ್ನೇ ನೋಡುತ್ತಿದ್ದಾಳೆಂದು ಬಾಗಿದರು. ಬಲಗಡೆಯವರು ತಮ್ಮನ್ನು ಕಂಡೂ ಕಾಣದ ಹಾಗೆ ಹೋದಳೆಂದು ಮುನಿದರು.

ಇನೊಕುಚಿಯ ಅಂಗಡಿಗೆ ಅರ್ಧ ಬೀದಿ ಬರುತ್ತಿದ್ದದ್ದು ಕೂದಲಿಗಾಗಿ ಅಲ್ಲ, ಕ್ಷೌರ ಮುಗಿದ ಮೇಲೆ ಅವನು ಹೆಗಲ ಮೇಲೆ ಬಾರಿಸುವ ಡೋಲಿಗಾಗಿ. ಸುಮಿಯೆಯನ್ನು ಕುರ್ಚಿಯಲ್ಲಿ ಕೂರಿಸಿ ಟವೆಲ್ ಹೊದಿಸಿ, ಡಬಡಬ ಎಂದು ಎರಡೂ ಕೈಯಲ್ಲಿ ಬಾರಿಸಿದ. ಆಮೇಲೆ ಕೈಗೆ ಯಂತ್ರ ಕಟ್ಟಿಕೊಂಡು ಗುಂಡಿ ಒತ್ತಿದ. ಸುಮಿಯೆಯ ಹಲ್ಲುಗಳು ಒಂದಕ್ಕೊಂದು ತಾಳ ಹಾಕಿದವು. ಇದ್ದಕ್ಕಿದ್ದಂತೆ ಒಳಗೆಲ್ಲೋ ಏನೋ ಜಾರಿತು. ಕುತ್ತಿಗೆ ಚಲಿಸಿತು!

"ತಿರುಗ್ತಾ ಇದೆ, ತಿರುಗ್ತಾ ಇದೆ!" ಎಂದು ಇನೊಕುಚಿ ಕೂಗಿದ.

ತಿರುಗಿತು. ಎಡಕ್ಕಿದ್ದ ಮುಖ ನೇರಕ್ಕೆ ಬಂತು, ಎಕ್ಸ್‌ಪ್ರೆಸ್ ರೈಲು ಸಣ್ಣ ನಿಲ್ದಾಣ ಬಿಟ್ಟು ಹೋಗುವ ಹಾಗೆ ಅಲ್ಲಿ ನಿಲ್ಲದೆ ಮುಂದೆ ಹೋಗಿ, ಬಲಗಡೆ ನಿಂತಿತು.

ಕನ್ನಡಿಯಲ್ಲಿ ಸುಮಿಯೆ, ನೋಬುಯೊ, ಇನೊಕುಚಿ ಮೂವರೂ ಅದನ್ನು ನೋಡಿದರು.

"ಈ ಕಡೆ ಮುಖ ಚೆನ್ನಾಗೇ ಕಾಣತ್ತೆ" ಎಂದಳು ನೋಬುಯೊ ಕೊನೆಗೆ.

ಪಕ್ಕದ ಕುರ್ಚಿಯಲ್ಲಿ ಮುಖದ ಮೇಲೆ ಬಿಸಿ ಟವೆಲ್ ಹಾಕಿಕೊಂಡು ಯಾರೋ ಒರಗಿದ್ದರು. ಟವೆಲ್ಲಿನೊಳಗಿಂದ ದನಿ ಬಂತು. "ಇನೊಕುಚಿ, ಆಗಿನಿಂದ ಕೇಳ್ತಾ ಇದ್ದೀನಿ. ನೀನು ಹೆಗಲು ತಟ್ಟಿದ ಹಾಗಿಲ್ಲ. ಸಾಲ ವಸೂಲಿಗೆ ಬಂದವನು ಬಾಗಿಲು ತಟ್ಟಿದ ಹಾಗಿದೆ."

ಟವೆಲ್ ಸರಿಯಿತು. ತೊಕುಡಾ ಅಜ್ಜಿ. ಹುಟ್ಟಿನಿಂದ ಕಣ್ಣಿಲ್ಲದ ಎಂಬತ್ತರ ಮುದುಕಿ. ಹದಿನಾರನೆಯ ವಯಸ್ಸಿನಿಂದ ಮೈ ಒತ್ತುವುದೇ ಅವಳ ಕಸುಬು. ಈಗ ಕೆಲಸ ಬಿಟ್ಟಿದ್ದಾಳೆ ಎಂದು ಎಲ್ಲರೂ ತಿಳಿದಿದ್ದರು.

"ಹೊಲಿಗೆ ಸುಮಿಯೆ ಅಲ್ವಾ? ಉಸಿರು ಮೇಲೇ ಸಿಕ್ಕಿಕೊಂಡಿದೆ. ಬಾ ನನ್ನ ಜೊತೆ. ನೋಬುಯೊ, ನೀನು ಬರ್ಬೇಡ."

ಅಜ್ಜಿಯ ಕೋಣೆ ಕ್ಷೌರದಂಗಡಿಯ ಹಿಂದೆಯೇ. ಮೊದಲು ಏಳು ಪಟ್ಟಿಯನ್ನೂ ಕಿತ್ತು ಹಾಕಿದಳು. ಬಿಸಿನೀರಲ್ಲಿ ಹಿಂಡಿದ ಬಟ್ಟೆ ಹಾಸಿದಳು. ಆಮೇಲೆ ಬೆರಳು ಇಟ್ಟಳು. ಒತ್ತಲಿಲ್ಲ, ಸುಮ್ಮನೆ ಇಟ್ಟಳು. ಓದುವವರು ಪುಟದ ಮೇಲೆ ಕೈಯಿಟ್ಟ ಹಾಗೆ.

"ಎಲ್ಲಿ ನೋವು?"

"ಕುತ್ತಿಗೇಲಿ ಅಜ್ಜೀ."

"ನೋವು ಅಳೋದು ಅಲ್ಲಿ. ಹೊಡೆದವನು ಕೂತಿರೋದು ಇಲ್ಲಿ." ಬೆರಳು ಹೆಗಲಿನ ಎಲುಬಿನ ಕೆಳಗೆ ಜಾರಿ ಒಂದು ಕಡೆ ನಿಂತಿತು. ಸುಮಿಯೆಯ ಕುತ್ತಿಗೆಯೊಳಗೆ ಕಿಡಿ ಹಾರಿತು. "ಗೆನ್ ಇದನ್ನ ಕಲ್ಲು ಅಂದ್ನಂತೆ. ಗಂಟು ಕಲ್ಲಲ್ಲಮ್ಮಾ. ಮಾಂಸದ ನಾಲ್ಕು ಎಳೆ ಏನನ್ನೋ ಹಿಡ್ಕೊಂಡು, ಬಿಡೋದು ಮರೆತು ಕೂತಿರತ್ತೆ. ಮಗು ನಿದ್ದೇಲಿ ಮುಷ್ಟಿ ಹಿಡಿಯತ್ತಲ್ಲ, ಹಾಗೆ. ಮುಷ್ಟಿ ಬಿಡ್ಸೋಕೆ ಯಾರಾದ್ರೂ ಸುತ್ತಿಗೆ ತರ್ತಾರಾ?"

"ಮತ್ತೇನು ಮಾಡ್ಬೇಕು?"

"ಬೆರಳಿಟ್ಟು ಕಾಯ್ಬೇಕು. ನೀನು ಉಸಿರು ಬಿಡು, ಉದ್ದಕ್ಕೆ. ಅದು ಒಂದು ಕೂದಲೆಳೆ ಬಿಟ್ರೆ ನಾನು ಒಂದು ಕೂದಲೆಳೆ ಒಳಗೆ ಹೋಗ್ತೀನಿ. ಜಗಳ ಆಡಿದ್ರೆ ಅದೂ ಜಗಳ ಆಡತ್ತೆ."

ಅಜ್ಜಿ ಕಾದಳು. ಸುಮಿಯೆ ಉಸಿರು ಬಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಮೆಲ್ಲನೆ ಕೇಳಿದಳು. "ಇದು ನಿನ್ನೆ ಸಂಜೆಯದ್ದಲ್ಲ. ನಿನ್ನೆ ಸಂಜೇದು ಮೇಲಿನ ಸಿಪ್ಪೆ. ಒಳಗಿರೋದು ಬಹಳ ಹಳೇದು. ಏನು ಹೊತ್ಕೊಂಡಿದ್ದೆ ಈ ಹೆಗಲ ಮೇಲೆ?"

"ಏನೂ ಇಲ್ಲ ಅಜ್ಜೀ."

ಹೇಳಿದ ಮೇಲೆ ಸುಮಿಯೆಗೆ ನೆನಪಾಯಿತು. ಗಂಡ ಹೋದ ವರ್ಷ, ಏಳರ ಮಗು ಪಕ್ಕದ ಕೋಣೆಯಲ್ಲಿ ಎಚ್ಚರಾದೀತೇ ಎಂದು ಒಂದು ಕಿವಿಯನ್ನು ಆ ಕಡೆಗಿಟ್ಟು, ಬಲ ಹೆಗಲನ್ನು ಎತ್ತಿ, ಬೇರೆಯವರ ಪ್ಯಾಂಟಿನ ಅಂಚು ಹೊಲಿಯುತ್ತಿದ್ದಳು. ಮಗು ಬೆಳೆಯಿತು, ಕಾಲೇಜಿಗೆ ಹೋಯಿತು, ಊರಿನ ಇನ್ನೊಂದು ತುದಿಯಲ್ಲಿ ಬಾಡಿಗೆಗೆ ಮನೆ ಹಿಡಿಯಿತು. ಹೆಗಲಿಗೆ ಮಾತ್ರ ಯಾರೂ ಸುದ್ದಿ ಹೇಳಿರಲಿಲ್ಲ. ಅದು ಇನ್ನೂ ಕಿವಿಗೊಟ್ಟೇ ಕೂತಿತ್ತು.

ಎಂಟನೆಯ ವಯಸ್ಸಿನಲ್ಲಿ ಚಿಗುಸಾ ಅಮ್ಮಂದಿರ ದಿನಕ್ಕೆ ಹತ್ತು ಚೀಟಿ ಮಾಡಿಕೊಟ್ಟಿದ್ದಳು. ಬಣ್ಣದ ಪೆನ್ಸಿಲಿನ ಸೊಟ್ಟ ಅಕ್ಷರ: "ಹೆಗಲು ತಟ್ಟುವ ಚೀಟಿ. ಇಪ್ಪತ್ತು ನಿಮಿಷ. ಯಾವಾಗ ಬೇಕಾದರೂ ನಡೆಯುತ್ತದೆ." ಒಂಬತ್ತನ್ನು ಸುಮಿಯೆ ಆ ಬೇಸಿಗೆಯಲ್ಲೇ ಮುಗಿಸಿದ್ದಳು. ಚಿಕ್ಕ ಮುಷ್ಟಿಗಳ ಟಪಟಪ. ಗುಬ್ಬಿಗಳು ಮಾಡಿನ ಮೇಲೆ ನಡೆದ ಹಾಗೆ. ಹತ್ತನೆಯದನ್ನು ಮನಸ್ಸಾಗದೆ ಎತ್ತಿಟ್ಟಳು. ಅದು ಈಗಲೂ ಪರ್ಸಿನಲ್ಲಿದೆ, ಮಡಿಸಿದ ಕಡೆ ಹರಿದು.

"ಅಳೋದಾದ್ರೆ ಅಳು" ಎಂದಳು ಅಜ್ಜಿ. "ಚಾಪೆ ಹಳೇದು."

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಗಂಟು ಬಿಟ್ಟಿತು. ಸದ್ದಿಲ್ಲ, ಗದ್ದಲವಿಲ್ಲ. ಬೆಣ್ಣೆ ಬಿಸಿ ಅನ್ನದ ಮೇಲೆ ಇಳಿದ ಹಾಗೆ ಹೆಗಲು ಕೆಳಗಿಳಿಯಿತು, ಗದ್ದ ನೇರವಾಯಿತು. ಸುಮಿಯೆ ತಲೆ ತಗ್ಗಿಸಿದಳು, ಎತ್ತಿದಳು, ಮತ್ತೆ ತಗ್ಗಿಸಿದಳು.

"ಸಾಕು ಸಾಕು" ಎಂದಳು ಅಜ್ಜಿ. "ಈಗ ಮನೆಗೆ ಹೋಗಿ ಎರಡು ಗಂಟೆ ಮಲಗು. ಇಪ್ಪತ್ತು ವರ್ಷದ ಬಿಗಿ ಬಿಟ್ಟಿದೆ, ಮೈ ತೋಫು ಥರ ಮೆತ್ತಗಾಗತ್ತೆ. ಬೆಚ್ಚಗಿರೋ ಜಾಗದಲ್ಲಂತೂ ಕೂರಲೇಬೇಡ."

ಮಲಗಲು ಸಮಯವೆಲ್ಲಿ? ಸುಮಿಯೆ ಓಡಿದಳು.

ಹೋಟೆಲಿನ ಕೋಣೆ ಬೆಚ್ಚಗಿತ್ತು. ಫೆಬ್ರವರಿಯ ಚಳಿಗೆಂದು ಮೇಜಿನ ಕೆಳಗೂ ಬಿಸಿ ಇಟ್ಟಿದ್ದರು. ಕೋಹೆಯಿಯ ತಾಯಿ ಅರಿಮುರಾ ಸೆತ್ಸುಕೊ ಬೂದು ಕಿಮೊನೊ ಉಟ್ಟು ಕೊಡೆಯ ಕೋಲಿನ ಹಾಗೆ ನೆಟ್ಟಗೆ ಕೂತಿದ್ದರು. ಸುಮಿಯೆಗಿಂತ ಹತ್ತು ವರ್ಷ ಹಿರಿಯರು. ಸುಮಿಯೆ ಅರವತ್ತಮೂರನೆಯ ಸಲ ಬಾಗಿದಳು. ಅಂಥ ಬಾಗು ಅವಳು ಹುಟ್ಟಿನಿಂದ ಬಾಗಿರಲಿಲ್ಲ. ನೀರು ಇಳಿಜಾರಿಗೆ ಹರಿದ ಹಾಗಿತ್ತು. ಚಿಗುಸಾ ಬಾಯಿ ಬಿಟ್ಟು ನೋಡಿದಳು.

ಸೆತ್ಸುಕೊ ಪ್ರತಿಯಾಗಿ ಎರಡು ಬೆರಳಷ್ಟು ಬಾಗಿ, ಅಲ್ಲಿಗೇ ನಿಲ್ಲಿಸಿದರು. ಅಬ್ಬಾ, ಎಂಥ ಬಿಗುಮಾನ, ಎಂದುಕೊಂಡಳು ಸುಮಿಯೆ.

ಸೂಪು ಬಂತು. ಬಿಸಿ ಸಾಕೆ ಮದ್ಯ ಬಂತು. ಕಾಲಿನಿಂದ ಶಾಖ ಏರತೊಡಗಿತು. ಸುಮಿಯೆಯ ಮೈಯಲ್ಲಿದ್ದ ಎಲುಬುಗಳು ಒಂದೊಂದಾಗಿ ರಜೆ ಹಾಕುತ್ತಿದ್ದವು. ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಆಗುವುದಿಲ್ಲ ಎಂದು ಶಕ್ತಿಯನ್ನೆಲ್ಲ ಒಟ್ಟುಮಾಡಿ ಬಾಯಿ ತೆರೆದಳು.

"ನಮ್ಮ ಮೇಲಿನ ಎರಡು ಕೋಣೆ ಖಾಲಿ ಇವೆ. ಹೊಸ ಚಾಪೆ ಹಾಸಿದ್ದೀನಿ..."

ಅಷ್ಟು ಹೇಳಿ, ಎದುರಿನವರ ಮುಖ ನೋಡಿ, ನಾಚಿಕೆಯಿಂದ ತಡೆದಳು. ಹಾಗೆ ಅರ್ಧಕ್ಕೆ ಬಿಟ್ಟು ಉಳಿದದ್ದನ್ನು ಕೇಳುವವರ ದೊಡ್ಡತನಕ್ಕೆ ಒಪ್ಪಿಸುವುದೇ ಅವರ ನಾಡಿನಲ್ಲಿ ಮರ್ಯಾದೆ. ಕೋಣೆಯಲ್ಲಿ ಮೌನವಾಯಿತು. ಆ ಮೌನ ಎಷ್ಟು ಮೆತ್ತಗಿತ್ತೆಂದರೆ ಸುಮಿಯೆ ಅದರೊಳಗೆ ಮುಳುಗಿಹೋದಳು.

ದೂರದಿಂದ ಮಾತು ಕೇಳುತ್ತಿತ್ತು. ಯಾರೋ "ಸಪ್ಪೊರೊ" ಎಂದರು. ಯಾರೋ "ಒಬ್ಬಳೇ" ಎಂದರು. ಸುಮಿಯೆಯ ತಲೆ ಮೆಲ್ಲನೆ ಮುಂದಕ್ಕೆ ಬಿತ್ತು, ಎದ್ದಿತು. "ಅಂದ್ರೆ, ನಾನು ಅಂದುಕೊಂಡದ್ದೇ ನಿಮ್ಮ ಮನಸ್ಸಲ್ಲಿದೆಯಾ?" ತಲೆ ಬಿತ್ತು, ಎದ್ದಿತು. "ನಿಮಗೆ ತೊಂದರೆ ಆಗಲ್ವಾ?" ಬಿತ್ತು, ಎದ್ದಿತು. ಬೆಳಿಗ್ಗೆಯೆಲ್ಲ ಬಗ್ಗದೆ ನಿಂತಿದ್ದ ಕುತ್ತಿಗೆ ಈಗ ಗಾಳಿಗೆ ಸಿಕ್ಕ ಬಿದಿರಿನ ಹಾಗೆ ಹೂಂಗುಡುತ್ತಿತ್ತು.

ಯಾರೋ ಮೂಗೆಳೆದ ಸದ್ದಿಗೆ ಎಚ್ಚರವಾಯಿತು. ಕಣ್ಣು ತೆರೆದರೆ ಎದುರಿಗೆ ಎರಡು ಬೆನ್ನುಗಳು. ಕೋಹೆಯಿ, ಚಿಗುಸಾ ಇಬ್ಬರೂ ಹಣೆಯನ್ನು ಚಾಪೆಗೆ ತಾಗಿಸಿ ಬಾಗಿದ್ದರು. ಸೆತ್ಸುಕೊ ಎರಡು ಬೆರಳಿನ ಬದಲು ನಾಲ್ಕು ಬೆರಳು ಬಾಗಿ, ನೋವಿನಿಂದಲೋ ಭಾವದಿಂದಲೋ ತುಟಿ ಕಚ್ಚಿದ್ದರು.

"ಅಮ್ಮಾ" ಎಂದಳು ಚಿಗುಸಾ ಕಣ್ಣೊರೆಸುತ್ತ, "ನೀನು ಇಷ್ಟು ದೊಡ್ಡ ಮನಸ್ಸಿನವಳು ಅಂತ ಇಪ್ಪತ್ತೊಂಬತ್ತು ವರ್ಷದಲ್ಲಿ ನನಗೆ ಗೊತ್ತಾಗ್ಲಿಲ್ವಲ್ಲ."

ಒಪ್ಪಿಗೆಯಾಯಿತು! ಸುಮಿಯೆಯ ಎದೆ ಹಾರಿತು. ಮಕ್ಕಳು ಮೇಲೆ ಬರುತ್ತಾರೆ.

"ಚಾಪೆ ಪೂರ್ವದ ಕಡೆ ಸ್ವಲ್ಪ..." ಎಂದು ಶುರುಮಾಡಿದಳು.

"ಅತ್ತೆಯವ್ರೇ," ಕೋಹೆಯಿ ಗದ್ಗದನಾಗಿ ಹೇಳಿದ, "ಏಪ್ರಿಲ್‌ಗೆ ನನಗೆ ಸಪ್ಪೊರೊಗೆ ವರ್ಗ ಆಗಿದೆ. ಐದು ವರ್ಷ. ನಾನೂ ಚಿಗುಸಾನೂ ಹೋಗ್ಲೇಬೇಕು. ಇದನ್ನ ನಿಮಗೆ ಹೆಂಗೆ ಹೇಳೋದು ಅಂತ ವಾರದಿಂದ ನಿದ್ದೆ ಮಾಡಿಲ್ಲ. ಅಮ್ಮ ಆ ದೊಡ್ಡ ಮನೇಲಿ ಒಬ್ಬಳೇ ಅನ್ನೋದು ಇನ್ನೊಂದು ಚಿಂತೆ. ನಾವು ಬಾಯಿ ಬಿಡೋ ಮುಂಚೆ ನೀವೇ ಅಮ್ಮನ್ನ ಮೇಲಿನ ಕೋಣೆಗೆ ಕರೆದ್ಬಿಟ್ರಿ!"

ಸುಮಿಯೆ ನೋಡಿದಳು. ಸೆತ್ಸುಕೊ ನೋಡಿದರು.

"ಮೂರು ಸಲ ಕೇಳಿದೆ" ಎಂದರು ಸೆತ್ಸುಕೊ. "ಮೂರು ಸಲವೂ ಒಪ್ಪಿದ್ರಿ. ನಲವತ್ತು ವರ್ಷ ಜನ ತಲೆಯಾಡಿಸೋದು ನೋಡಿದ್ದೀನಿ. ಅಷ್ಟು ಮನಸಾರೆ ಯಾರೂ ಆಡಿಸಿದ್ದಿಲ್ಲ."

ನಾನು ನಿದ್ದೆ ಮಾಡುತ್ತಿದ್ದೆ ಎಂದು ಹೇಳಬಹುದಿತ್ತು. ಆದರೆ ಅವರು ಹಾಗೆ ಬಾಗಿದ ಮೇಲೆ ಅಂಥ ಮಾತೇ? ಮಗಳ ಒದ್ದೆ ಕಣ್ಣಿನ ಎದುರಿಗೇ? ಸುಮಿಯೆ ಅರವತ್ತನಾಲ್ಕನೆಯ ಸಲ ಬಾಗಿದಳು. ಮುಖ ಮುಚ್ಚಿಕೊಳ್ಳಲು ಅದಕ್ಕಿಂತ ಒಳ್ಳೆಯ ಉಪಾಯವಿರಲಿಲ್ಲ.

ಸೆತ್ಸುಕೊ ತಡಮಾಡುವವರಲ್ಲ. ಕೋಣೆಗಳನ್ನು ಆ ಮಧ್ಯಾಹ್ನವೇ ನೋಡಬೇಕೆಂದರು. ಮಕ್ಕಳು ಉಂಗುರ ಆರಿಸಲು ಹೋದರು. ಬೀಗಿತ್ತಿಯರಿಬ್ಬರೂ ಪೇಟೆಬೀದಿಗೆ ಬಂದರು. ಎಡಬಲದ ಅಂಗಡಿಯವರೆಲ್ಲ ಬಾಗಿಲಲ್ಲಿದ್ದರು. ನೋಬುಯೊ ಬಾಗಿದಳು. ಸೆತ್ಸುಕೊ ಬಾಗಲಿಲ್ಲ.

"ಇವರಿಗೂ ಹಿಡ್ಕೊಂಡಿದ್ಯಾ?" ಎಂದು ನೋಬುಯೊ ಕಿವಿಯಲ್ಲಿ ಕೇಳಿದಳು.

ಆಗ ಸುಮಿಯೆಯ ಮೂಗಿಗೆ ತಾಗಿತು. ಬೂದು ಕಿಮೊನೊದ ಒಳಗಿಂದ, ಅಗರಬತ್ತಿಯ ಪರಿಮಳದ ಅಡಿಯಲ್ಲಿ, ಪುದೀನ ಮತ್ತು ಕರ್ಪೂರ.

ಮೇಲಿನ ಕೋಣೆಯಲ್ಲಿ ಸೆತ್ಸುಕೊ ಹೊಸ ಚಾಪೆಯನ್ನು ಅಂಗೈಯಿಂದ ಸವರಿ, ಕಿಟಕಿ ತೆರೆದು ಮುಚ್ಚಿ, ಮಂಡಿಯೂರಿ ಕೂತರು. ಕೊಡೆಯ ಕೋಲು ಮೊದಲ ಬಾರಿಗೆ ಸ್ವಲ್ಪ ಸಡಿಲವಾಯಿತು.

"ನಿಮಗೊಂದು ನಿಜ ಹೇಳ್ತೀನಿ. ಹತ್ತು ವರ್ಷದಿಂದ ನನಗೆ ಎರಡು ಬೆರಳಿಗಿಂತ ಹೆಚ್ಚು ಬಾಗೋಕಾಗಲ್ಲ. ಎಲ್ಲರೂ ಬಿಗುಮಾನ ಅಂತಾರೆ. ಅನ್ನಲಿ ಅಂತ ಬಿಟ್ಟಿದ್ದೆ. ಇವತ್ತು ನೀವು ಬಾಗಿದ್ದು ನೋಡಿ ಹೊಟ್ಟೆಕಿಚ್ಚಾಯ್ತು."

ಸುಮಿಯೆಗೆ ನಗುವೂ ಅಳುವೂ ಒಟ್ಟಿಗೆ ಬಂದವು. ತಲೆಯಾಡಿಸಿದಳು. ಆಡಿಸಿದ ಮೇಲೆ ನೆನಪಾಯಿತು, ಇವರ ಎದುರಿಗೆ ತಲೆಯಾಡಿಸಬಾರದೆಂದು.

ತಡವಾಗಿತ್ತು. ಸೆತ್ಸುಕೊ ನಡುಪಟ್ಟಿಯೊಳಗೆ ಕೈಹಾಕಿ ರೇಷ್ಮೆಯ ಸಣ್ಣ ಚೀಲ ತೆಗೆದರು. ಅದರೊಳಗಿಂದ ಹಳದಿಯಾದ ಕಾಗದದ ಚೂರುಗಳು ಬಂದವು. ಬಣ್ಣದ ಪೆನ್ಸಿಲ್. ಸೊಟ್ಟ ಅಕ್ಷರ. ಒಂದೊಂದರ ಮೇಲೂ ಒಂದು ರಾಕೆಟ್ಟಿನ ಚಿತ್ರ.

"ಕೋಹೆಯಿ ಮೂರನೇ ಕ್ಲಾಸಲ್ಲಿ ಮಾಡ್ಕೊಟ್ಟದ್ದು. ಹನ್ನೆರಡಿತ್ತು. ಒಂದು ಖರ್ಚು ಮಾಡ್ದೆ. ಪಾಪ, ಆಟಕ್ಕೆ ಹೋಗೋ ಮಗು, ಆಮೇಲೆ ನೋಡೋಣ ಅಂತ ಇಟ್ಟೆ. ಅವನು ದೊಡ್ಡವನಾಗಿಬಿಟ್ಟ. ಇನ್ನೇನು ಸಪ್ಪೊರೊಗೆ ಹೋಗ್ತಾನೆ." ಚೀಟಿಗಳನ್ನು ಚಾಪೆಯ ಮೇಲೆ ಸಾಲಾಗಿ ಜೋಡಿಸಿದರು. "ಅವನ ಚೀಟಿ ಅವನ ಬಳಗದವರ ಹತ್ರ ನಡಿಯತ್ತೆ ಅಲ್ವಾ?"

ಸುಮಿಯೆ ಒಂದು ಕ್ಷಣ ಆ ರಾಕೆಟ್ಟುಗಳನ್ನು ನೋಡಿದಳು. ಆಮೇಲೆ ಕೆಳಗೆ ಹೋಗಿ ಪರ್ಸು ತಂದು, ಮಡಿಸಿದ ಕಡೆ ಹರಿದಿದ್ದ ತನ್ನ ಒಂದೇ ಒಂದು ಚೀಟಿಯನ್ನು ತೆಗೆದು ಆ ಸಾಲಿನ ಪಕ್ಕದಲ್ಲಿಟ್ಟಳು.

ಸೆತ್ಸುಕೊ ಅದನ್ನು ಓದಿದರು. ಎರಡು ಸಲ ಓದಿದರು. ಕಣ್ಣಂಚು ಒದ್ದೆಯಾಯಿತು. ಬಹಳ ಜೋಪಾನವಾಗಿ ಅದನ್ನೆತ್ತಿ ಸಾಲಿನ ಕಟ್ಟಕಡೆಗೆ ಸರಿಸಿದರು.

"ಇದೂ ನಡಿಯತ್ತೆ, ಖಂಡಿತ" ಎಂದರು, ಸುಮಿಯೆಗೆ ಬೆನ್ನು ತಿರುಗಿಸಿ ಕೂರುತ್ತ. "ಆದ್ರೆ ಹಿರಿಯರು ಮೊದಲು. ನನ್ನ ಹನ್ನೊಂದು ಮುಗೀಲಿ."

ಸುಮಿಯೆ ಮುಷ್ಟಿ ಕಟ್ಟಿದಳು. ಕಿಮೊನೊದಡಿಯ ಹೆಗಲು ಗೆನ್‌ನ ಕತ್ತಿ ಮಸೆಯುವ ಕಲ್ಲಿಗಿಂತ ಗಟ್ಟಿಯಿತ್ತು. ಮೆಲ್ಲನೆ ತಟ್ಟತೊಡಗಿದಳು. ಟಪ, ಟಪ, ಟಪ.

"ಸ್ವಲ್ಪ ಬಲವಾಗಿ. ಇನ್ನೂ ಎಡಕ್ಕೆ. ಹಾಂ, ಅಲ್ಲೇ."

ಹದಿನೈದನೆಯ ನಿಮಿಷಕ್ಕೆ ಸುಮಿಯೆಯ ಬಲ ಹೆಗಲಿನ ಎಲುಬಿನ ಕೆಳಗೆ, ಅಜ್ಜಿ ಬೆರಳಿಟ್ಟಿದ್ದ ಅದೇ ಜಾಗದಲ್ಲಿ, ನಾಲ್ಕು ಎಳೆಗಳು ಹಳೆಯ ಗೆಳತಿಯರ ಹಾಗೆ ಒಂದರ ಕೈ ಒಂದು ಹಿಡಿದುಕೊಂಡವು.